ಟವೆಲ್ ಕೆಳಗಿನ ಓಟಿಪಿ

ನಮ್ಮ ಮನೆತನದಲ್ಲಿ ಒಂದು ಪದ್ಧತಿ ನಡೆದುಕೊಂಡು ಬಂದಿದೆ. ಮದುವೆ ಕಾರ್ಡಿನಲ್ಲಿ ಯಾರ ಹೆಸರು ಮೊದಲು ಬರುತ್ತದೋ, ಎಲ್ಲ ಅರ್ಜಿಗಳಲ್ಲೂ ಅವರದೇ ಮೊಬೈಲ್ ನಂಬರು ಬರೆಯಬೇಕು. ಹಿರಿಯರು ಗಟ್ಟಿಮುಟ್ಟಾಗಿ ಕೂತಿರುವಾಗ ಕಿರಿಯರು ತಮ್ಮ ನಂಬರು ಬರೆದುಕೊಳ್ಳುವುದು ಅವರ ಎದುರು ಕಾಲ ಮೇಲೆ ಕಾಲು ಹಾಕಿ ಕೂತಷ್ಟೇ ಉದ್ಧಟತನ. ಹೀಗಾಗಿ ರೇಷನ್ ಕಾರ್ಡು, ಆಕಳ ವಿಮೆ, ಕೂಸುಗಳ ಲಸಿಕೆ, ಎಲ್ಲದರ ಮೆಸೇಜೂ ತಾವರಗೇರಾದಲ್ಲಿರುವ ನಮ್ಮ ದೊಡ್ಡಪ್ಪನ ಫೋನಿಗೆ ಹೋಗುತ್ತವೆ. ಕುಷ್ಟಗಿಯಲ್ಲಿ ನನ್ನ ಮನೆಗೆ ಗ್ಯಾಸ್ ಸಿಲಿಂಡರು ಹೊರಟಿತೆಂಬ ಸುದ್ದಿ ಮೊದಲು ತಾವರಗೇರಾ ಮುಟ್ಟಿ, ಅಲ್ಲಿಂದ ಸಂತೆಗೆ ಬಂದವರ ಬಾಯಿಯ ಮೂಲಕ ನನಗೆ ತಲುಪುತ್ತದೆ. ಅಷ್ಟರಲ್ಲಿ ಸಿಲಿಂಡರು ಖಾಲಿಯೂ ಆಗಿರುತ್ತದೆ.

ಆ ಫೋನು ಗುಂಡಿ ಒತ್ತುವ ಹಳೇ ನಮೂನೆಯದು. ಅದರ ಜಾಗ ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕದಲ್ಲಿ. ಸೋಮವಾರ ಅದರ ಪಾಲಿಗೂ ಒಂದು ಹೂವು ಬೀಳುತ್ತದೆ.

ದೊಡ್ಡಪ್ಪ ಬದುಕಿಡೀ ದನದ ಸಂತೆಯಲ್ಲಿ ದಲಾಲಿ ಮಾಡಿದವರು. ದನದ ಸಂತೆಯಲ್ಲಿ ರೇಟನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನೂ ದಲಾಲಿಯೂ ಒಂದು ಟವೆಲ್ ಕೆಳಗೆ ಕೈ ಕೂಡಿಸುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಹಸ್ತ ಹಿಡಿದರೆ ಐದು, ಹಸ್ತ ಹಿಡಿದು ಮತ್ತೊಂದು ಬೆರಳು ಹಿಡಿದರೆ ಆರು. ಸುತ್ತ ನಿಂತವರಿಗೆ ಕಾಣುವುದು ಅಲ್ಲಾಡುವ ಟವೆಲ್ ಮತ್ತು ಎರಡು ನಿರ್ಲಿಪ್ತ ಮುಖಗಳು ಮಾತ್ರ. ಈ ಶಿಸ್ತಿನಲ್ಲಿ ಬೆಳೆದ ದೊಡ್ಡಪ್ಪ ಯಾವ ಅಂಕಿಯನ್ನೂ ನಾಲಿಗೆಯ ಮೇಲೆ ತಂದದ್ದನ್ನು ನಾನು ಕೇಳಿಲ್ಲ. ವಯಸ್ಸೆಷ್ಟು ಎಂದು ಕೇಳಿದರೂ "ಕೈ ತಾ ಇಲ್ಲಿ" ಅನ್ನುತ್ತಾರೆ.

ಇಂಥವರ ನಂಬರಿಗೆ ನನ್ನ ತಂಗಿಯ ಮಗಳ ಭವಿಷ್ಯವನ್ನು ನಾವು ಭಕ್ತಿಯಿಂದ ಕಟ್ಟಿಹಾಕಿದ್ದೆವು.

ಹುಡುಗಿಗೆ ಪಶುವೈದ್ಯೆ ಆಗುವ ಹಟ. ಅದೂ ದೊಡ್ಡಪ್ಪನ ಸಂತೆಯಿಂದ ಅಂಟಿದ್ದು. ಸಣ್ಣವಳಿದ್ದಾಗಲೇ ಎತ್ತಿನ ಬಾಯಿ ತೆರೆದು ಹಲ್ಲು ನೋಡುತ್ತಿದ್ದಳು. ಒಮ್ಮೆ ಊಟಕ್ಕೆ ಬಂದಿದ್ದ ಬೀಗರ ಹಲ್ಲನ್ನೂ ನೋಡಲು ಹೋಗಿ ಬೈಸಿಕೊಂಡಳು. ಪ್ರವೇಶ ಪರೀಕ್ಷೆಯನ್ನು ಚೆನ್ನಾಗಿಯೇ ಬರೆದಿದ್ದಳು. ಆದರೆ ಅವಳು ಗಂಗಾವತಿಯಲ್ಲಿ ಓದಿದ್ದು ಕೇಂದ್ರದ ಪಠ್ಯಕ್ರಮದ ಶಾಲೆಯಲ್ಲಿ. ಅಂಥವರು ಹನ್ನೆರಡನೆಯ ತರಗತಿಯ ಅಂಕಗಳನ್ನು ತಾವೇ ವೆಬ್‌ಸೈಟಿನಲ್ಲಿ ತುಂಬಬೇಕು. ತುಂಬದಿದ್ದರೆ ರ‍್ಯಾಂಕಿಲ್ಲ, ರ‍್ಯಾಂಕಿಲ್ಲದಿದ್ದರೆ ಸೀಟಿಲ್ಲ. ನನ್ನ ತಂಗಿಯಂತೂ ಆಗಲೇ, "ಸೀಟ ಸಿಗಲಿಲ್ಲಂದ್ರ ಇಲ್ಲೇ ಬಿ.ಎ. ಮಾಡ್ಲಿ, ಅಷ್ಟರಾಗ ಒಂದ ವರಾ ನೋಡೂಣು" ಎಂದು ಮೆಲ್ಲಗೆ ಹೊಗೆ ಹಾಕತೊಡಗಿದ್ದಳು. ಹುಡುಗಿಗೆ ಎತ್ತಿನ ಹಲ್ಲು ನೋಡುವ ಮನಸ್ಸು, ಅವ್ವನಿಗೆ ಗಂಡಿನ ಮನೆ ನೋಡುವ ಮನಸ್ಸು; ನಡುವೆ ಇದ್ದದ್ದು ಈ ಅಂಕಗಳು.

ಕೊನೆಯ ದಿನಾಂಕ ಎಂದರೆ ನಮ್ಮ ಕಡೆ ಅದೊಂದೇ ದಿನಾಂಕ; ಅದಕ್ಕೂ ಮುಂಚಿನ ದಿನಗಳನ್ನು ಇಲಾಖೆಯವರು ಶೋಭೆಗಾಗಿ ಕೊಟ್ಟಿರುತ್ತಾರೆಂದು ನಮ್ಮ ತಿಳಿವಳಿಕೆ. ಆ ದಿನ ಮಧ್ಯಾಹ್ನ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ನಾನೂ ಹುಡುಗಿಯೂ ಬಸ್ ಸ್ಟ್ಯಾಂಡ್ ಹತ್ತಿರದ ಆನ್‌ಲೈನ್ ಸೆಂಟರಿಗೆ ಹೋದೆವು. ಸಂಜೆ ನಾಲ್ಕರವರೆಗೆ ಗಡುವಿತ್ತು. ಸೆಂಟರ್ ನಡೆಸುವಾಕೆಯನ್ನು ಊರೆಲ್ಲ ಆಪಾ, ಅಂದರೆ ಅಕ್ಕ, ಅನ್ನುತ್ತದೆ. ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವರಲ್ಲಿ ಆಕೆಯೂ ಒಬ್ಬಳು. ಸಾಮ್ರಾಜ್ಯಗಳ ಪತನಕ್ಕೆ ಕಾರಣಗಳನ್ನು ನಾನು ಬರೆಸುವಾಗ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಆಪಾ ಏನೇನೋ ಒತ್ತಿ ನನ್ನ ಕಡೆ ತಿರುಗಿದಳು. "ಸರ್, ಓಟಿಪಿ ಹೋಗೈತ್ರಿ. ಫೋನ್ ಯಾರ ಹತ್ರ ಐತಿ?"

"ತಾವರಗೇರಾದಾಗ ಐತವಾ."

"ನಂಬರ ಬದಲ ಮಾಡೂಣೇನ್ರಿ?"

"ಮಾಡು ಮತ್ತ."

"ಅದಕ್ಕೂ ಹಳೇ ನಂಬರಿಗೇ ಓಟಿಪಿ ಬರ್ತೈತಿ, ಸರ್."

ಅರ್ಜಿ ತುಂಬುವ ಕಾಲಕ್ಕೂ ಓಟಿಪಿ ಬಂದಿತ್ತು. ಆಗ ದೊಡ್ಡಪ್ಪ ಒಂದು ಮದುವೆಗೆಂದು ಕುಷ್ಟಗಿಯಲ್ಲೇ ಇದ್ದರು, ಫೋನು ಚಾರ್ಜಿಗೆ ನನ್ನ ಮನೆಯಲ್ಲಿತ್ತು. ಆಮೇಲೆ ಒಂದು ದುರ್ಘಟನೆ ನಡೆದಿತ್ತು. ಬ್ಯಾಂಕಿನವರು ಊರಲ್ಲಿ ಸಭೆ ಕರೆದು, ಎಲ್ಲರಿಗೂ ಚಹಾ ಕುಡಿಸಿ, ಓಟಿಪಿಯನ್ನು ಯಾರಿಗೂ ಹೇಳಬಾರದೆಂದು ತಿಳಿಹೇಳಿದ್ದರು. ಸಭೆಯಲ್ಲಿ ಉಳಿದವರು ಚಹಾ ಕುಡಿದರು; ದೊಡ್ಡಪ್ಪ ಕಿವಿಗೊಟ್ಟರು.

ಫೋನ್ ಹಚ್ಚಿದೆ. ಆಪಾ ಸ್ಪೀಕರ್ ಹಾಕಿಸಿದಳು. ಸೆಂಟರಿನಲ್ಲಿದ್ದವರೆಲ್ಲ ತಮ್ಮ ಕೆಲಸ ಬಿಟ್ಟು ಕೂತರು.

"ಯಾರಂವಾ?"

"ನಾನ್ರಿ ದೊಡ್ಡಪ್ಪಾ, ಕುಷ್ಟಗಿ ಮಾಸ್ತರ."

"ಹಂಗಂತ ಎಲ್ಲಾರೂ ಅಂತಾರ."

"ನಿಮ್ಮ ತಮ್ಮನ ಮಗಾ ರೀ. ದನಿ ಗುರ್ತ ಸಿಗಲಿಲ್ಲೇನು?"

"ಸಿಕ್ಕೈತಿ. ಅದಕ್ಕ ಸಂಶೆ ಬರಾಕತ್ತೈತಿ. ದನಿ ಸೈತ ತದ್ರೂಪ ಮಾಡ್ತಾರಂತ ಬ್ಯಾಂಕಿನ ಸಾಹೇಬ ಹೇಳ್ಯಾನ. ನೀ ಅಂವಾ ಹೌದಂದ್ರ ಹೇಳು, ಸಣ್ಣಾವ ಇದ್ದಾಗ ನೀ ಯಾತರಾಗ ಬಿದ್ದಿದ್ದಿ?"

ಸೆಂಟರಿನಲ್ಲಿ ನನ್ನ ಮೂವರು ಹಳೆಯ ವಿದ್ಯಾರ್ಥಿಗಳಿದ್ದರು. ಸೋದರ ಸೊಸೆಯ ವಿದ್ಯಾಭ್ಯಾಸ ದೊಡ್ಡದೋ ನನ್ನ ಘನತೆ ದೊಡ್ಡದೋ ಎಂದು ಕ್ಷಣ ತೂಗಿದೆ.

"ತಿಪ್ಪಿಯೊಳಗ್ರಿ" ಎಂದೆ.

"ಎಷ್ಟ ಮಟ?"

"ಕುತ್ತಿಗಿ ಮಟ."

"ಹಾಂ, ನೀನ ಖರೆ" ಎಂದರು ದೊಡ್ಡಪ್ಪ ಸಂತೋಷದಿಂದ. "ಎಲ್ಲಾರೂ ಆರಾಮ ಅದೀರಿಲ್ಲ?"

"ಆರಾಮ ರೀ. ಈಗ ಬಂದ ನಂಬರ ಅಷ್ಟ ಹೇಳ್ರಿ."

"ನಂಬರ ಬಾಯಿಲೆ ಹೇಳಂಗಿಲ್ಲ. ಇಷ್ಟ ವರ್ಷ ಸಂತ್ಯಾಗ ಹೇಳಿಲ್ಲ, ಈಗ ಫೋನಿನಾಗ ಹೇಳ್ತೀನೇನು? ಬರ್ರಿ, ಇಲ್ಲೇ ಕೈಯಾಗ ಕೊಡ್ತೀನಿ."

ಹಿಂದಿನಿಂದ ದೊಡ್ಡವ್ವನ ದನಿ ಕೇಳಿತು. "ನನ್ನ ಕೇಳಬ್ಯಾಡಪಾ ತಮ್ಮಾ. ಲಗ್ನ ಆದಾಗಿಂದ ಅವರ ಅಂಗಿ ಕಿಸೇದಾಗ ಏನೈತಂತ ನನಗ ಗೊತ್ತಿಲ್ಲ, ನಂಬರ ಎಲ್ಲಿಂದ ಗೊತ್ತಾಗಬೇಕು."

ಹುಡುಗಿ ಫೋನ್ ಕಸಿದುಕೊಂಡಳು. "ಅಜ್ಜಾ, ನಾಲ್ಕಕ್ಕ ಬಂದ್ ಆಗ್ತೈತಿ. ನಾ ಡಾಕ್ಟರ್ ಆಗಬೇಕೋ ಬ್ಯಾಡೋ?"

"ಆಗಬೇಕವಾ, ಸಂತಿಗೆಲ್ಲಾ ಹೇಳೀನಿ ನಾ. ಲಗೂ ಬಾ. ಟಾವೆಲ್ ಹಾಸಿರ್ತೀನಿ."

ಆಪಾ ತನ್ನ ಮುಖವನ್ನು ಕಂಪ್ಯೂಟರಿನ ಹಿಂದೆ ಅಡಗಿಸಿಕೊಂಡು, "ಸ್ಕೂಟರ್ ತಗೀರಿ ಸರ್" ಎಂದಳು. "ಅಲ್ಲೇ ಹೋಗಿ ಆಕೀ ಫೋನಿನಾಗ ಮಾಡ್ರಿ. ಟೈಮ್ ಐತಿ ಇನ್ನಾ."

ಟೈಮ್ ಇತ್ತು. ಆದರೆ ತಾವರಗೇರಾದ ದಾರಿಯಲ್ಲಿ ಕುರಿಗಳೂ ಇದ್ದವು. ಒಂದು ಹಿಂಡು ರಸ್ತೆ ತುಂಬ ಹರಡಿಕೊಂಡು, ಯಾವ ಗಡುವೂ ಇಲ್ಲದವರ ನಡಿಗೆಯಲ್ಲಿ ಹೋಗುತ್ತಿತ್ತು. ನಾನು ಹಾರ್ನ್ ಬಾರಿಸಿದೆ. ಒಂದು ಟಗರು ತಿರುಗಿ ನಿಂತು, ಈ ಮನುಷ್ಯ ಹಿಂದೆ ತಿಪ್ಪೆಯಲ್ಲಿ ಬಿದ್ದವನೇ ಹೌದೆಂಬಂತೆ ನನ್ನನ್ನು ನೋಡಿತು. ಹಿಂದೆ ಕೂತಿದ್ದ ಹುಡುಗಿ, "ಮಾಮಾ, ಅದರ ಬಲಗಾಲಿನ ಗೊರಸು ಕೊಳತೈತಿ ನೋಡು" ಎಂದಳು. ಇನ್ನೂ ಸೀಟೇ ಸಿಕ್ಕಿಲ್ಲ, ರೋಗಿ ಸಿಕ್ಕಿತ್ತು.

ಮನೆ ಮುಟ್ಟಿದಾಗ ಗಡುವಿಗೆ ತುಸುವೇ ಹೊತ್ತಿತ್ತು. ದೊಡ್ಡಪ್ಪ ಕಟ್ಟೆಯ ಮೇಲೆ, ತೊಳೆದ ಬಿಳಿ ಟವೆಲನ್ನು ಮೊಣಕಾಲ ಮೇಲೆ ಹಾಸಿಕೊಂಡು ಸಿದ್ಧರಾಗಿ ಕೂತಿದ್ದರು. ಹುಡುಗಿ ಚಪ್ಪಲಿ ಬಿಡುವ ಮೊದಲೇ ತನ್ನ ಫೋನಿನಲ್ಲಿ ವೆಬ್‌ಸೈಟು ತೆರೆದು ಹೊಸ ಓಟಿಪಿ ಕೇಳಿದಳು. ನಾವಿಬ್ಬರೂ ದೊಡ್ಡಪ್ಪನ ಕೈ ನೋಡಿದೆವು. ಕೈ ಖಾಲಿಯಿತ್ತು.

"ಫೋನ್ ಎಲ್ಲೈತ್ರಿ?"

"ಜಗಲಿ ಮ್ಯಾಲ. ಅದರ ಜಾಗಾ ಅದ ಅಲ್ಲ?"

ದೇವರ ಕೋಣೆ ಮಣ್ಣಿನ ದಪ್ಪ ಗೋಡೆಯದು; ಅಲ್ಲಿಗೆ ದೇವರು ಬರಬಹುದು, ಸಿಗ್ನಲ್ಲು ಬರುವುದು ಕಡಿಮೆ. ಹುಡುಗಿ ಒಳಗೆ ಓಡಿ ಫೋನು ತಂದಳು. ದೊಡ್ಡಪ್ಪ ಅದನ್ನು ಇಸಿದುಕೊಂಡು ಆಕಾಶಕ್ಕೆ ಹಿಡಿದರು. ದೊಡ್ಡವ್ವ ಚುರುಮುರಿ ಒಗ್ಗರಣೆ, ಮಿರ್ಚಿ ಭಜಿಯ ತಟ್ಟೆ ತಂದಿಟ್ಟು, "ಬಿಸಲಾಗ ಬಂದೀರಿ, ಮೊದಲ ತಿನ್ರಿ" ಎಂದಳು. ತಿನ್ನದೆ ಇರುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಬಂದಿಲ್ಲ. ಬಾಯಲ್ಲಿ ಮಿರ್ಚಿ ಇರುವಾಗಲೇ ಫೋನು ಕೂಗಿತು.

"ಬಂತು!" ಎಂದು ದೊಡ್ಡಪ್ಪ ಟವೆಲ್ ಕೊಡವಿದರು. "ಕೈ ತಾ."

ಹುಡುಗಿ ಕೈ ಚಾಚಲಿಲ್ಲ. ತನ್ನ ಫೋನನ್ನು ನನ್ನ ಕಡೆ ತಿರುಗಿಸಿದಳು. ಗಂಟೆ ನಾಲ್ಕು ದಾಟಿತ್ತು; ಅಂಕ ತುಂಬುವ ಅವಧಿ ಮುಗಿದಿದೆ ಎಂದು ಅದರಲ್ಲಿ ಬರೆದಿತ್ತು.

ಅವಳು ಅಳಲಿಲ್ಲ. ದೊಡ್ಡವ್ವನ ಹತ್ತಿರ ಒಂದು ಚೆಂಬು ನೀರು ಇಸಿದುಕೊಂಡು ಹಿತ್ತಲಿಗೆ ಹೋದಳು, ಮುಖ ತೊಳೆಯಲು ಬಹಳ ಹೊತ್ತು ತೆಗೆದುಕೊಂಡಳು. ದೊಡ್ಡಪ್ಪ ಟವೆಲನ್ನು ನಾಲ್ಕು ಮಡಿಕೆ ಮಾಡಿದರು, ಬಿಚ್ಚಿದರು, ಮತ್ತೆ ಮಡಿಚಿದರು.

"ನಾ ಬಾಯಿಲೆ ಹೇಳಬೇಕಿತ್ತೇನು?" ಎಂದು ನನ್ನನ್ನು ಕೇಳಿದರು.

ಮೂವತ್ತು ವರ್ಷ ಪ್ರಶ್ನೆ ಕೇಳಿಯೇ ಹೊಟ್ಟೆ ಹೊರೆದವನು ನಾನು; ಉತ್ತರ ಕೊಡುವ ರೂಢಿ ಇಲ್ಲ. ಒಗ್ಗರಣೆಯ ತಟ್ಟೆಯನ್ನು ಅವರ ಕಡೆ ಸರಿಸಿದೆ.

"ಸಂತಿ ಮುಗದಮ್ಯಾಲೂ ಯಾವಾನರ ಒಬ್ಬ ಬಂದ ದನಾ ಕೇಳ್ತಾನ" ಎಂದರು ಅವರು, ಹಿತ್ತಲಿಗೆ ಕೇಳುವಷ್ಟು ಜೋರಾಗಿ. "ನಾ ಭಾಳ ನೋಡೀನಿ."

ಹುಡುಗಿಯನ್ನು ಮನೆಗೆ ಬಿಡಲು ಹೋದರೆ ತಂಗಿ ವರನ ಫೋಟೋ ಒಂದನ್ನು ತರಿಸಿಯೇ ಇಟ್ಟಿದ್ದಳು. ಯಲಬುರ್ಗಾದ ಹುಡುಗ, ಸ್ವಂತ ಟ್ರ್ಯಾಕ್ಟರ್, ಫೋಟೋದಲ್ಲಿ ಟ್ರ್ಯಾಕ್ಟರೇ ಹೆಚ್ಚು ಕಾಣುತ್ತಿತ್ತು. ಹುಡುಗಿ ಅದನ್ನು ಗಂಭೀರವಾಗಿ ನೋಡಿ, "ಹಲ್ಲು ಕಾಣವಲ್ದು" ಎಂದು ತಿರುಗಿ ಕೊಟ್ಟಳು.

ಮೂರನೆಯ ದಿನ ಆಪಾ ತಾನೇ ನನ್ನ ಮನೆಯ ಬಾಗಿಲಿಗೆ ಬಂದಳು. "ಸರ್, ತಪ್ಪಿಸಿಕೊಂಡಾವರಿಗೆ ನಾಳೆ ಒಂದ ದಿನಾ ಮತ್ತ ತಗೀತಾರಂತ. ಆದ್ರ ಇದ ಕಡೇದಂತ ಬರದಾರ. ಅಜ್ಜಾರನ್ನ ಎತ್ತಿಕೊಂಡ ಬರ್ರಿ. ಫೋನ್ ಅಷ್ಟ ತಂದ್ರ ನಡಿಯಂಗಿಲ್ಲಾಂತ ನನಗ ಗೊತ್ತೈತಿ."

ದೊಡ್ಡಪ್ಪನವರನ್ನು ಎತ್ತಬೇಕಾಗಲಿಲ್ಲ. ಮರುದಿನ ಮೊದಲ ಬಸ್ಸಿಗೇ ಬಂದಿಳಿದರು. ತಲೆಗೆ ಪಟಗ ಸುತ್ತಿದ್ದರು, ಇಸ್ತ್ರಿ ಧೋತರ, ಹೆಗಲ ಮೇಲೆ ಅದೇ ಬಿಳಿ ಟವೆಲ್. ಆಪಾ ಅವರನ್ನು ತನ್ನ ತಿರುಗುವ ಕುರ್ಚಿಯಲ್ಲೇ ಕೂರಿಸಿದಳು. ಓಟಿಪಿ ಬಂತು. ದೊಡ್ಡಪ್ಪ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಓದಿ, ಎದೆಗೆ ಅವುಚಿಕೊಂಡರು.

"ಮಾಸ್ತರ, ಕೈ ತಾ. ನೀ ಹಿರಿಯಾ."

ಸಮಸ್ತ ಗ್ರಾಹಕರ ಸಮ್ಮುಖದಲ್ಲಿ ಟವೆಲ್ ಬಿತ್ತು. ಅದರ ಕೆಳಗೆ ದೊಡ್ಡಪ್ಪನ ಒರಟು ಬೆರಳುಗಳು ಸೀಮೆಸುಣ್ಣ ಹಿಡಿದ ನನ್ನ ಬೆರಳುಗಳನ್ನು ಹುಡುಕಿ ಹಿಡಿದವು. ನಾನು ಒಂದೊಂದೇ ಅಂಕಿಯನ್ನು ಹುಡುಗಿಯ ಕಿವಿಯಲ್ಲಿ ಹೇಳಿದೆ. ಅವಳು ತುಂಬಿದಳು. ಕಂಪ್ಯೂಟರು ಒಪ್ಪಲಿಲ್ಲ.

"ಐದ ಅದಾವ್ರಿ" ಎಂದಳು ಆಪಾ. "ಆರ ಬೇಕು."

"ಎಲ್ಲಾ ಕೊಟ್ಟೀನಿ" ಎಂದರು ದೊಡ್ಡಪ್ಪ.

"ಐದ ಬಂದಾವ್ರಿ" ಎಂದೆ ನಾನು.

"ಮಾಸ್ತರಕಿ ಮಾಡಿ ಎಣಸಾಕ ಬರಂಗಿಲ್ಲ ಇವಗ."

ನಾವು ಹೀಗೆ ಸತ್ಯಶೋಧನೆ ನಡೆಸುತ್ತಿರುವಾಗ ಓಟಿಪಿಯ ಆಯುಷ್ಯ ತೀರಿತು. ಇನ್ನೆರಡು ಸಲ ತಪ್ಪಿದರೆ ಈ ದಿನಕ್ಕೆ ಬಾಗಿಲು ಬಂದ್ ಎಂದು ಪರದೆ ಎಚ್ಚರಿಸಿತು. ಹುಡುಗಿ ಕುರ್ಚಿಯ ಪಕ್ಕದಲ್ಲಿ ಮಂಡಿಯೂರಿ ಕೂತಳು.

"ಅಜ್ಜಾ, ನಡುವ ಒಮ್ಮಿ ಸುಮ್ನ ಕೈ ಬಿಟ್ಟಿದ್ದಿ ಏನು?"

"ಹೌದ ಮತ್ತ. ಸೊನ್ನಿ ಇತ್ತು. ಏನೂ ಇಲ್ಲದ್ದಕ್ಕ ಏನ ಹಿಡೀಲಿ?"

ಯಾರೂ ನಗಲಿಲ್ಲ, ನಗುವಷ್ಟು ಸಮಯವಿರಲಿಲ್ಲ. "ಈ ಸಲ ನಾ ಹಿಡೀತೀನಿ" ಎಂದು ಅವಳು ತನ್ನ ಕೈಯನ್ನೇ ಟವೆಲ್ ಕೆಳಗೆ ತೂರಿಸಿದಳು. ಹೊಸ ಓಟಿಪಿ ಬಂತು. ದೊಡ್ಡಪ್ಪ ಕಣ್ಣು ಮುಚ್ಚಿದರು. ಟವೆಲ್ ಅಲ್ಲಾಡಿತು, ನಿಂತಿತು, ಅಲ್ಲಾಡಿತು. ಹುಡುಗಿ ಎಡಗೈಯಿಂದಲೇ ಅಂಕಿ ಒತ್ತುತ್ತ ಹೋದಳು, ಬಾಯಿಬಿಟ್ಟು ಒಂದನ್ನೂ ಹೇಳದೆ. ಪರದೆ ತೆರೆಯಿತು.

ಅಂಕಗಳನ್ನು ತುಂಬಿ, ಎರಡು ಸಲ ಓದಿ, ಒತ್ತಿದ ಮೇಲೆ ಆಪಾ "ಮುಬಾರಕ್" ಎಂದಳು. ದೊಡ್ಡಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು, ಸ್ವಲ್ಪ ಹೆಚ್ಚೇ ಹೊತ್ತು. ಆಮೇಲೆ, "ದಲಾಲಿ ಕೊಡಾವರ ಯಾರು?" ಎಂದು ಸುತ್ತ ನೋಡಿದರು. ಎಲ್ಲರಿಗೂ ಚಹಾ ನಾನೇ ಹೇಳಿದೆ.

ಸೀಟು ಸಿಕ್ಕಿತು. ಟ್ರ್ಯಾಕ್ಟರಿನ ಫೋಟೋ ಯಲಬುರ್ಗಾಕ್ಕೆ ಹಿಂದಿರುಗಿತು. ಹಾಸ್ಟೆಲಿನ ಅರ್ಜಿಯಲ್ಲಿ ಪೋಷಕರ ಮೊಬೈಲ್ ನಂಬರು ಕೇಳಿದ್ದರು. ಇಷ್ಟೆಲ್ಲ ಆದ ಮೇಲಾದರೂ ಮನೆತನದ ಪದ್ಧತಿ ಸಡಿಲಬಹುದೆಂದು ನಾನು ನನ್ನ ನಂಬರು ಹೇಳಲು ಬಾಯಿ ತೆರೆದೆ. ಹುಡುಗಿ ಆಗಲೇ ದೊಡ್ಡಪ್ಪನ ನಂಬರು ಬರೆದಾಗಿತ್ತು. "ಅಜ್ಜಾಗ ಬ್ಯಾಸರಾಗ್ತೈತಿ, ಮಾಮಾ" ಎಂದಳು.

ಒಂದು ಭಾನುವಾರ ಅವಳ ಫೋನ್ ಬಂತು. ಆ ಹಾಸ್ಟೆಲಿನಲ್ಲಿ ಗೇಟು ದಾಟಬೇಕಾದರೆ ಪೋಷಕರ ಫೋನಿಗೆ ಓಟಿಪಿ ಹೋಗುತ್ತದಂತೆ. ಅದನ್ನು ಗೇಟಿನಲ್ಲಿ ಹೇಳಬೇಕಂತೆ. ಗೆಳತಿಯರೆಲ್ಲ ಪೇಟೆಗೆ ಹೊರಟಿದ್ದಾರೆ, ಇವಳು ಗೇಟಿನ ಒಳಗೆ ನಿಂತಿದ್ದಾಳೆ.

"ಅಜ್ಜಾ ಏನಂತಾರ?"

"ಬಂದ ಇಸ್ಕೊಂಡ ಹೋಗು, ಟಾವೆಲ್ ಹಾಸೀನಿ ಅಂತಾರ. ಬರಬೇಕಂದ್ರ ಗೇಟ್ ದಾಟಬೇಕಲ್ಲ, ಮಾಮಾ!"

ಹೀಗಾಗಿ ಈಗ ಭಾನುವಾರ ಬಂತೆಂದರೆ ನಾನು ಕೈ ತೊಳೆದುಕೊಂಡು ತಾವರಗೇರಾದ ಬಸ್ಸು ಹತ್ತುತ್ತೇನೆ. ಕಟ್ಟೆಯ ಮೇಲೆ ಕೂತು, ಟವೆಲ್ ಕೆಳಗೆ ಕೈ ಇಟ್ಟ ಮೇಲೆ ಹುಡುಗಿಗೆ ಫೋನ್ ಮಾಡಿ, "ಈಗ ಓಟಿಪಿ ಕೇಳು" ಅನ್ನುತ್ತೇನೆ; ಕೈಗೆ ಬಂದ ಅಂಕಿಗಳನ್ನು ಅವಳ ಕಿವಿಗೆ ದಾಟಿಸುತ್ತೇನೆ. ಸೊನ್ನೆಗೆ ದೊಡ್ಡಪ್ಪ ಈಗಲೂ ಏನನ್ನೂ ಹಿಡಿಯುವುದಿಲ್ಲ. ನಾನೇ ಕಲಿತಿದ್ದೇನೆ.