ಮುನಿಆಂಜನಪ್ಪ ತಲೆ ಬಗ್ಗಿಸಿದ್ದು

ಹಲಸೂರಿನ ಮುನಿಆಂಜನಪ್ಪನಿಗೆ ನೆಲದ ವಿಚಾರ ಗೊತ್ತಿರಲಿಲ್ಲ. ತಾರಸಿಯಲ್ಲಿ ಪಾರಿವಾಳ ಸಾಕಿ, ಹಾರಿಸಿ, ಕತ್ತೆತ್ತಿ ನಿಂತೇ ಅರ್ಧ ಆಯಸ್ಸು ಕಳೆದ ಮಹಾನುಭಾವ. ಆಕಾಶದಲ್ಲಿ ಸಾಸಿವೆ ಕಾಳಿನಷ್ಟು ಕಂಡರೂ "ಅದು ನಮ್ಮ ಮಲ್ಲಿ" ಎನ್ನುತ್ತಿದ್ದ. ಬೀದಿಗಿಳಿದರೆ ಮಾತ್ರ ನೇರ ಚರಂಡಿಗೇ ಕಾಲಿಡುತ್ತಿದ್ದ. "ಈ ಕೊಕ್ಕಿನ ಮುಂಡೇವು ನಂಗೆ ಸವತೀರು" ಎಂದು ಹೆಂಡತಿ ಗೋವಿಂದಮ್ಮ ದಿನಾ ಶಾಪ ಹಾಕುತ್ತಿದ್ದಳು.

2003ರಲ್ಲಿ ಗೂಡು ರಿಪೇರಿ ಮಾಡುವಾಗ ಬಿದಿರಿನ ಸಿಬಿರು ಬಲಗಣ್ಣಿಗೆ ಚುಚ್ಚಿತು. ಎಡಗಣ್ಣಿಗೆ ದೂರದ್ದು ಹುಟ್ಟಿನಿಂದಲೂ ಕಾಣದು. ಹಕ್ಕಿ ಹುಡುಕುವುದೆಲ್ಲ ಬಲಗಣ್ಣಿನದೇ ಕೆಲಸ. ಬುದ್ಧಿವಂತ ಏನು ಮಾಡಿದ? ಮಲ್ಲಿಯ ಕಣ್ಣು ಊದಿದ್ದಾಗ ತಂದಿದ್ದ ಡ್ರಾಪ್ಸನ್ನೇ ತನಗೂ ಬಿಟ್ಟುಕೊಂಡ. ಹಕ್ಕಿಗೆ ವಾಸಿಯಾಗಿತ್ತಲ್ಲ! ಕಣ್ಣು ಕೆಂಡದಂತಾದ ಮೇಲೆ ಗೋವಿಂದಮ್ಮ ರಟ್ಟೆ ಹಿಡಿದು ಕಣ್ಣಾಸ್ಪತ್ರೆಗೆ ಎಳೆದೊಯ್ದಳು.

"ಕಣ್ಣೊಳಗೆ ಫಂಗಸ್ ಬೆಳೆದಿದೆ, ಬೂಷ್ಟು ಅಂತೀವಲ್ಲ ಅದು," ಎಂದರು ಡಾಕ್ಟರಮ್ಮ. "ಆ ಡ್ರಾಪ್ಸ್ ಹಾಕಿ ಇನ್ನೂ ಜಾಸ್ತಿ ಮಾಡ್ಕೊಂಡಿದೀರಿ."

"ಬೂಷ್ಟಾ? ನನ್ ಉಪ್ಪಿನಕಾಯಿ ಜಾಡಿಗೇ ಇವತ್ತಿನವರೆಗೂ ಹಿಡ್ದಿಲ್ಲ ಮೇಡಂ!" ಗೋವಿಂದಮ್ಮನಿಗೆ ಅವಮಾನವಾಗಿತ್ತು.

ಕಣ್ಣೊಳಕ್ಕೇ ಇಂಜೆಕ್ಷನ್ ಕೊಟ್ಟರು. ಅದಕ್ಕೂ ಬಗ್ಗದಿದ್ದಾಗ ಆಪರೇಷನ್ ಮಾಡಿ, ಒಳಗಿನ ಕೊಳೆ ತೆಗೆದು, ಗ್ಯಾಸ್ ತುಂಬಿದರು. ಆ ಗ್ಯಾಸ್ ಕಣ್ಣಿನ ಹಿಂದಿನ ಪರದೆಯನ್ನು ಒತ್ತಿ ಹಿಡಿಯಬೇಕಾದರೆ ಹಗಲೂ ರಾತ್ರಿ ತಲೆ ಬಗ್ಗಿಸಿಯೇ ಇರಬೇಕಂತೆ. "ಮೇಲೆ ನೋಡಿದ್ರೆ ಕಣ್ಣು ಹೋಯ್ತು ಅಂತ್ಲೇ ತಿಳ್ಕೊಳ್ಳಿ," ಎಂದರು. ಹೋಗಿ ಹೋಗಿ ಯಾರಿಗೆ ಹೇಳಿದರು ನೋಡಿ!

ಮುನಿಆಂಜನಪ್ಪ ತಾರಸಿಯಲ್ಲಿ ಗಲ್ಲವನ್ನು ಎದೆಗೊತ್ತಿ ಕೂತ. ಕತ್ತಿನ ಮೇಲೆ ಗೋವಿಂದಮ್ಮನ ಕೈ. ರೆಕ್ಕೆ ಪಟಪಟ ಎಂದಾಗಲೆಲ್ಲ ಕತ್ತು ತಾನಾಗಿ ಏಳುತ್ತಿತ್ತು, ಕೈ ಅದುಮುತ್ತಿತ್ತು. ಒಂದು ಬೆಳಿಗ್ಗೆ ಹಕ್ಕಿಗಳೆಲ್ಲ ಇಳಿದವು, ಮಲ್ಲಿ ಮಾತ್ರ ಇಳಿಯಲಿಲ್ಲ. ಮೇಲೆ ಹದ್ದು ಕೂಗಿತು.

"ಗೋವಿಂದೂ, ಎಲ್ಲವ್ಳೆ?" ಅವನಿಗೆ ಅಳುವೇ ಬಂದಿತ್ತು.

"ಕತ್ತೆತ್ತಿದ್ರೆ ಮುರೀತೀನಿ. ದೇವಸ್ಥಾನದ ಕಡೆ ತಿರುಗಿದ್ಲು... ಹದ್ದು ಹಿಂದೇನೇ ಐತೆ... ಅಯ್ಯೋ, ಬಾರೇ, ಬಾರೇ ನಮ್ಮವ್ವಾ!"

ಸವತಿಯನ್ನು ಹೀಗೆ ಕರೆದವರುಂಟೆ? ಅವನು ಕತ್ತೆತ್ತಲಿಲ್ಲ. ಜೀವ ಬಿಗಿಹಿಡಿದು ಕಣ್ಣೆದುರಿಗಿದ್ದ ಹೆಂಡತಿಯ ಪಾದಗಳನ್ನೇ ನೋಡಿದ. ಹಿಮ್ಮಡಿ ಒಡೆದಿತ್ತು. ಒಂದು ಕಾಲಿನಲ್ಲಿ ಕಾಲುಂಗುರವೇ ಇರಲಿಲ್ಲ. ಅಷ್ಟರಲ್ಲಿ ಮಲ್ಲಿ ಅದೇ ಪಾದಗಳ ಪಕ್ಕಕ್ಕೆ ಬಂದಿಳಿದಳು.

"ಕಾಲುಂಗುರ ಎಲ್ಲೇ?"

"ಮುರ್ದೋಗೈತೆ, ಸರಿ ಮಾಡಿಸ್ಕೊಂಡ್ ಬಾ ಅಂತ ನಿನ್ ಕೈಗೇ ಕೊಟ್ಟಿದ್ದೆ. ನೀನು ಅದನ್ನ ಬಗ್ಗಿಸಿ ಇವಳ ಕಾಲಿಗೆ ಹಾಕ್ದೆ. ಕಾಣಲ್ವಾ?"

ಕಂಡಿತು. ಮಲ್ಲಿಯ ಕಾಲಲ್ಲಿ ಬೆಳ್ಳಿ ಹೊಳೆಯುತ್ತಿತ್ತು. ಮೊದಲೇ ಬಗ್ಗಿದ್ದ ತಲೆಯನ್ನು ನಾಚಿಕೆಗೆಂದು ಇನ್ನೆಷ್ಟು ಬಗ್ಗಿಸುವುದು?

ಕಣ್ಣು ಉಳಿಯಿತು, ಪೂರ್ತಿಯಲ್ಲ. ಗ್ಯಾಸ್ ಕರಗಿದ ಮೇಲೆ ಚರಂಡಿ ಕಂಡಿತು, ಬಸ್ಸು ಕಂಡಿತು. ಆಕಾಶದ ಸಾಸಿವೆ ಕಾಳು ಮಾತ್ರ ಮತ್ತೆ ಕಾಣಲಿಲ್ಲ. ಅದು ಖಚಿತವಾದ ದಿನ ಅವನು ಮಲ್ಲಿಯ ಕಾಲಿನಿಂದ ಉಂಗುರ ಬಿಚ್ಚಿ ಹೆಂಡತಿಯ ಮುಂದೆ ಹಿಡಿದ.

"ಥೂ, ಅವಳಿಗೇ ಹಾಕು," ಎಂದಳು ಗೋವಿಂದಮ್ಮ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕತ್ತೆತ್ತುತ್ತಾ. "ಅದು ಮಿಂಚಿದ್ರೆ ತಾನೆ ನಂಗೆ ಗುರ್ತು ಸಿಗೋದು? ಹೂಂ, ಬಿಡು ಮೇಲಕ್ಕೆ."