ಎದುರಿನವರ ಮಾತು

ಶಹಾಪುರದ ನಮ್ಮ ಓಣಿಯ ನಿವೃತ್ತ ಜಡ್ಜ್ ಸಾಹೇಬರು, ಸಾರು ಉಪ್ಪಾಗಿದೆ ಎಂದು ಮಗ ದೂರಿದರೂ ಹೆಂಡತಿಯನ್ನು ಕರೆದು, “ಎದುರಿನವರ ಮಾತೂ ಕೇಳಬೇಕು” ಎನ್ನುತ್ತಿದ್ದರು.

ಕಾಲುವೆ ಬಂದ ಹೊಸತರಲ್ಲಿ ಚುನಾವಣೆಗೆ ನಿಂತರು. ನೀರು ತಲುಪದ ಕೊನೆಯ ಹಳ್ಳಿಯ ಪ್ರಚಾರ ಸಭೆಯಲ್ಲಿ, “ಗೆದ್ರ ನಿಮಗ ನೀರು ಹರಿಸ್ತೀನಿ” ಎಂದರು. ಚಪ್ಪಾಳೆ ನಿಲ್ಲುವ ಮೊದಲೇ, ನೀರು ತಡೆದಿದ್ದ ಮೇಲಿನ ಊರಿನ ಗೌಡರನ್ನು ಕರೆದು ಮೈಕು ಕೊಟ್ಟರು.

ಮುದುಕಿಯೊಬ್ಬಳು ಎದ್ದಳು: “ಸಾಹೇಬ್ರ, ಅವರ ಮಾತು ಕೇಳಿ ಕೇಳೇ ನಮ್ಮ ಹತ್ತಿ ಒಣಗ್ಯಾದರಿ!”

ಸಾಹೇಬರು ಸೋತರು. ಮರುದಿನ ನನ್ನನ್ನೂ ಕರೆದುಕೊಂಡು ಅವಳ ಹೊಲಕ್ಕೆ ಹೋದರು. ಬದುವಿನ ಮೇಲೆ ಕೂತು ಪೆನ್ನು ತೆರೆದು, “ನಿನ್ನ ಮಾತು ಪೂರಾ ಆಗಿದ್ದಿಲ್ಲ, ಹೇಳವ್ವ” ಎಂದರು. ಪೆನ್ನನ್ನು ನಾನು ಆಮೇಲೆ ಸೇರಿಸಿದ್ದೂ ಇರಬಹುದು. ಅವಳ ಉತ್ತರ ಮಾತ್ರ ನನ್ನದಲ್ಲ:

“ಓಟು ಹಾಕಿ ಹೇಳೀನಲ್ರಿ!”