ಸಾವ್ಕಾರ ಹತ್ತಲಾರದ ಲಾರಿ

ನಿಜಾಮರ ಕಾಲದಾಗ ನಾ ಹೊಸಾ ಡ್ರೈವರ್. ಕೆಲಸಾ ಹುಡುಕ್ಕೊಂತ ಗದ್ವಾಲದಿಂದ ನಾರಾಯಣಪೇಟಿಗೆ ಹೋದೆ. ಅಲ್ಲಿ ಲಾರಿ ಮಾಲೀಕ ನನ್ನ ಲೈಸೆನ್ಸ್ ಸುದ್ದಾ ನೋಡಲಿಲ್ಲ. "ನೀ ನಮ್ಮ ಮನಿ ಮಗಾ ಇದ್ದಂಗಪಾ" ಅಂತ ಚಾ ಕುಡಿಸಿ, ಲಾರಿಗೆ ಕಾಯಿ ಒಡದು, ಇಂಜಿನ್ ತಿರುವೋ ಹ್ಯಾಂಡಲ್ ಕೈಗೆ ಕೊಟ್ಟು, ಮಾಲು ಮಕ್ತಲ್‌ಗೆ ಒಯ್ಯಿ ಅಂದ. ಇಷ್ಟು ಪ್ರೀತಿ ಯಾಕ ಅಂತ ನನಗ ಗುಮಾನಿ ಬಂತು.

"ಮಕ್ತಲ್ ತನಕ ನೀವೂ ಬರ್ರೀ ಸಾವ್ಕಾರ್ರ, ನನ್ನ ಬಾಜೂಕ ಕೂಡ್ರಿ" ಅಂದೆ.

"ನಾ ಸರ್ಕಾರಿ ಬಸ್ಸಿಗೆ ಬರ್ತೀನಿ, ನೀ ಮುಂದ ನಡಿ" ಅಂದ.

ಹ್ಯಾಂಡಲ್ ಅಲ್ಲೇ ಇಟ್ಟು, ಅವನಕಿಂತ ಮೊದಲ ನಾನ ಬಸ್ಸು ಹತ್ತಿದೆ.

ಮಕ್ತಲ್‌ದಾಗ ಇನ್ನೊಬ್ಬ ಮಾಲೀಕ ಲೈಸೆನ್ಸ್ ತಿರುವಿ ಮುರುವಿ ನೋಡಿ, ನನ್ನ ಬಾಯಿ ಮೂಸಿ, "ನಿನ್ನ ಮಾರಿ ನೋಡಿದ್ರ ನಂಬಿಕಿ ಬರಂಗಿಲ್ಲ" ಅಂದ. ಆದ್ರ ಲಾರಿ ನನ್ನ ಕೈಗೆ ಕೊಟ್ಟು, ಖುದ್ದ ನನ್ನ ಬಾಜೂಕ ಕುಂತ. ಮರಿಕಲ್ ತನಕ ಹ್ಯಾಂಡ್‌ಬ್ರೇಕ್ ಮ್ಯಾಲಿನ ಕೈ ತಗೀಲಿಲ್ಲ.

ಅವನ ಹಂತೇಕನ ನೌಕರಿ ಹಿಡಿದೆ. ನನ್ನ ಮ್ಯಾಲ ಇರಲಿಲ್ಲ ಖರೇ, ತನ್ನ ಲಾರಿ ಮ್ಯಾಲರೆ ಅವಗ ನಂಬಿಕಿ ಇತ್ತಲ್ಲ!